ಹಳೇ ದಾಖಲೆಯಲ್ಲಿ ಅಜ್ಜನ ಮೇಲೆ ಕೇಸ್ ಇದೆಯಾ? ಮೊದಲು ಯಾವ ಕಾಯ್ದೆ ಅಂತ ನೋಡಿ

ಜಾತಿ ಪ್ರಮಾಣಪತ್ರಕ್ಕೋ, ಆಸ್ತಿ ವಾಟ್ನಿಗೋ, ವಂಶಾವಳಿ ಮಾಡಿಸೋಕೋ ಹಳೇ ಕಾಗದ ಹುಡುಕುವಾಗ ಒಮ್ಮೊಮ್ಮೆ ಅಂದುಕೊಳ್ಳದೇ ಇದ್ದದ್ದು ಕೈಗೆ ಸಿಗುತ್ತೆ. ಮುತ್ತಜ್ಜನ ಹೆಸರಿನ ಮುಂದೆ 'ಶಿಕ್ಷೆ', 'ಜೈಲು' ಅಂತ ಬರೆದಿರುತ್ತೆ. ಮನೆಯವರು ನಾಚಿಕೆಪಟ್ಟು ಕಾಗದ ಮಡಚಿ ಟ್ರಂಕಿನ ತಳಕ್ಕೆ ಸೇರಿಸುತ್ತಾರೆ. ಆದರೆ ಅಪರಾಧ ಏನು ಅಂತ ಪೂರ್ತಿ ಓದಿದರೆ ಕಥೆಯೇ ಬೇರೆ ಇರಬಹುದು.

ಹಾಜರಿ ತಪ್ಪಿದ್ದೇ ಅಪರಾಧ

ಬ್ರಿಟಿಷರು 1871ರಲ್ಲಿ 'ಅಪರಾಧಿ ಬುಡಕಟ್ಟುಗಳ ಕಾಯ್ದೆ' ತಂದರು. ಮೊದಲು ಅದು ಉತ್ತರ ಭಾರತಕ್ಕೆ ಮಾತ್ರ ಇತ್ತು. 1911ರ ಕಾಯ್ದೆ ಬಂದ ಮೇಲೆ ನಮ್ಮ ಕಡೆಗೂ, ಅಂದರೆ ಆಗಿನ ಮುಂಬೈ ಪ್ರಾಂತ್ಯಕ್ಕೂ ಮದ್ರಾಸ್ ಪ್ರಾಂತ್ಯಕ್ಕೂ ಬಂತು. 1924ರಲ್ಲಿ ಅದನ್ನೇ ಮತ್ತೆ ತಿದ್ದಿ ಬರೆದರು.

ಸರ್ಕಾರ ಒಂದು ಸಮುದಾಯದ ಹೆಸರನ್ನು ಗೆಜೆಟ್‌ನಲ್ಲಿ ಹಾಕಿದರೆ ಮುಗೀತು. ಆ ಸಮುದಾಯದವರ ಹೆಸರು ರಿಜಿಸ್ಟರ್‌ಗೆ ಹತ್ತುತ್ತಿತ್ತು, ಬೆರಳಚ್ಚು ತಗೊಳ್ಳುತ್ತಿದ್ದರು. ಕಳವು ಮಾಡಿರಬೇಕು ಅಂತೇನೂ ಇರಲಿಲ್ಲ. ಹೇಳಿದ ಹೊತ್ತಿಗೆ ಹಾಜರಿ ಕೊಡಬೇಕು. ಊರು ಬಿಟ್ಟು ಹೋಗೋದಿದ್ದರೆ, ಮನೆ ಬದಲಿಸೋದಿದ್ದರೆ ಮೊದಲೇ ತಿಳಿಸಬೇಕು. ತಪ್ಪಿದರೆ ಜೈಲು.

ರಿಜಿಸ್ಟರ್‌ನಲ್ಲಿ ಹೆಸರಿದ್ದವರು 'ಕಳವಿಗೆ ಹೊಂಚು ಹಾಕಿ ನಿಂತಿದ್ದರು' ಅಂತ ಕೋರ್ಟಿಗೆ ಅನಿಸಿದರೆ ಸಾಕು, 3 ವರ್ಷದವರೆಗೆ ಶಿಕ್ಷೆ ಕೊಡಬಹುದಿತ್ತು. ಮಕ್ಕಳನ್ನು ತಂದೆ-ತಾಯಿಯಿಂದ ಬಿಡಿಸಿ ಬೇರೆ ಶಾಲೆಯಲ್ಲಿ ಇಡೋಕೂ ಕಾಯ್ದೆಯಲ್ಲಿ ಅವಕಾಶ ಇತ್ತು.

ಸೆಟ್ಲಮೆಂಟ್ ಹೆಸರು ಬಂದದ್ದು ಹೀಗೆ

ಹುಬ್ಬಳ್ಳಿ, ಗದಗ, ವಿಜಯಪುರದಲ್ಲಿ 'ಸೆಟ್ಲಮೆಂಟ್' ಅಂತ ಜನ ಕರೆಯೋ ಜಾಗಗಳ ಹಿಂದೆ ಇದೇ ಕಾಯ್ದೆ ಇದೆ. ಕೊರವ, ಗಂಟಿಚೋರ ಮುಂತಾದ ಸಮುದಾಯಗಳ ಕುಟುಂಬಗಳನ್ನು ತಂದು ಅಲ್ಲಿ ಇರಿಸಿದರು. ಪಾಸ್ ಇಲ್ಲದೆ ಹೊರಗೆ ಹೋದರೆ ಅದೂ ಅಪರಾಧವೇ. ಹಾಗಾಗಿ ಹಳೇ ಕಾಗದದಲ್ಲಿ 'ಗೈರುಹಾಜರಿ' ಅಂತ ಇದ್ದರೆ, ಆ ಮನುಷ್ಯ ಸಂತೆಗೆ ಹೋಗಿದ್ದಿರಬಹುದು, ತಂಗಿ ಮದುವೆಗೂ ಹೋಗಿದ್ದಿರಬಹುದು. ಕಾಗದ ಅದನ್ನು ಹೇಳಲ್ಲ.

ಬೇರೆ ವಿಚಿತ್ರ ಅಪರಾಧಗಳೂ ಇವೆ

ಹಾಜರಿ ಒಂದೇ ಅಲ್ಲ. ಮುಧೋಳ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ ಮನೆಯಲ್ಲಿದ್ದ ಆಯುಧ ಒಪ್ಪಿಸಲ್ಲ ಅಂದರು. ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಅಪರಾಧ ಅಂದರೆ ಸಮುದ್ರದ ನೀರಿಂದ ಉಪ್ಪು ಮಾಡಿದ್ದು. 1939ರಲ್ಲಿ ಚಿತ್ರದುರ್ಗ ಹತ್ತಿರದ ತುರುವನೂರಿನಲ್ಲಿ ಈಚಲ ಮರ ಕಡಿದಿದ್ದಕ್ಕೆ ಸತ್ಯಾಗ್ರಹಿಗಳು ಜೈಲು ಕಂಡರು.

ಇವೆಲ್ಲಾ ಬ್ರಿಟಿಷರ ಕಾಲದ್ದು ಅನ್ನಬೇಡಿ. ಕರ್ನಾಟಕದಲ್ಲಿ ಸ್ವಂತ ಹೊಲದಲ್ಲಿ ಬೆಳೆದ ಶ್ರೀಗಂಧದ ಮರವೂ ರೈತನದ್ದಲ್ಲ, ಸರ್ಕಾರದ್ದು ಅಂತಿತ್ತು. 2001ರ ತಿದ್ದುಪಡಿ ಆದ ಮೇಲಷ್ಟೇ ಜಮೀನಿನ ಮಾಲೀಕನೇ ಮರದ ಮಾಲೀಕನಾದ.

ಕಾಗದ ಸಿಕ್ಕರೆ ಏನು ನೋಡಬೇಕು?

ಮೂರು ವಿಷಯ ನೋಡಿ: ಇಸವಿ, ಕಾಯ್ದೆಯ ಹೆಸರು, ಕಲಂ ನಂಬರ್. 'ಶಿಕ್ಷೆ' ಅನ್ನೋ ಒಂದೇ ಪದ ನೋಡಿ ತೀರ್ಮಾನಕ್ಕೆ ಬರಬೇಡಿ. ಕಾಗದದ ಝೆರಾಕ್ಸ್ ಮಾಡಿಸಿ, ಅಸಲನ್ನು ಬೇರೆ ಇಡಿ. ಹಳೇ ಮೈಸೂರಿನ ದಾಖಲೆ ಬೇಕಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರ ಇದೆ. ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ, ವಿಜಯಪುರ, ಬೆಳಗಾವಿ, ಕಾರವಾರ ಕಡೆಯವರು ಮುಂಬೈನಲ್ಲಿರೋ ಮಹಾರಾಷ್ಟ್ರ ಪತ್ರಾಗಾರದಲ್ಲೂ ಹುಡುಕಬೇಕಾಗುತ್ತೆ.

ಕಾಯ್ದೆ ಹೋಯ್ತು, ಮಾತು ಹೋಗಿಲ್ಲ

ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲಿ ರದ್ದಾಯ್ತು. ಅದರ ನೆನಪಿಗೆ ಆಗಸ್ಟ್ 31ನ್ನು ವಿಮುಕ್ತ ದಿನ ಅಂತ ಆಚರಿಸುತ್ತಾರೆ. ಆದರೆ ಅದರ ಜಾಗಕ್ಕೆ ರಾಜ್ಯಗಳಲ್ಲಿ 'ರೂಢಿಗತ ಅಪರಾಧಿಗಳ' ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದ್ದು. ಇದರಲ್ಲಿ ಜಾತಿ ನೋಡಲ್ಲ, ಒಬ್ಬ ವ್ಯಕ್ತಿಗೆ ಹಿಂದೆ ಆದ ಶಿಕ್ಷೆ ನೋಡುತ್ತಾರೆ ಅಂತ ಕಾಗದದ ಮೇಲಿದೆ. ಆದರೂ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಜೈಲು ರಿಜಿಸ್ಟರ್‌ನಿಂದ ಜಾತಿ ಕಾಲಂ ತೆಗೆಯಿರಿ, ವಿಮುಕ್ತ ಬುಡಕಟ್ಟಿನವರನ್ನು ಮನಸ್ಸಿಗೆ ಬಂದಂತೆ ಬಂಧಿಸಬೇಡಿ ಅಂತ ಹೇಳಬೇಕಾಯ್ತು.

ಇವತ್ತಿಗೂ ಅಂಗಡಿಯಲ್ಲಿ ಏನಾದರೂ ಕಳವಾದರೆ ಕೆಲವರ ಬಾಯಿಗೆ ಮೊದಲು ಬರೋದು ಒಂದು ಓಣಿಯ ಹೆಸರು, ಒಂದು ಜಾತಿಯ ಹೆಸರು. ಸಿಸಿಟಿವಿ ನೋಡೋದು ಆಮೇಲೆ. 1952ರಲ್ಲೇ ರದ್ದಾದ ಕಾಯ್ದೆಯನ್ನು ಕೌಂಟರ್ ಹಿಂದೆ ಕೂತು ನಾವೇ ಜಾರಿ ಮಾಡಿದಂಗೆ ಇದು. ಅಜ್ಜನ ಕಾಗದ ಟ್ರಂಕಿನ ತಳದಲ್ಲಿದ್ದರೆ ತೆಗೆದು ಮಕ್ಕಳಿಗೂ ತೋರಿಸಿ. ನಾಚಿಕೆಪಡಬೇಕಾದವರು ಅಜ್ಜ ಅಲ್ಲ.