ಏಕಕಾಲವೆಂದರೆ ಯಾರ ಕಾಲ?

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಏರುವ ದಾರಿಯಲ್ಲಿ ಅತ್ತಿಗುಂಡಿ ಎಂಬ ಊರುಂಟು. ಮುಂಗಾರಿಗೆ ಮುಂಚಿನ ಒಂದು ಸಂಜೆ ಊರಿನ ಪೂರ್ವಕ್ಕೆ 3 ಕಿಲೋಮೀಟರು ದೂರದ ಒಂದು ಮರಕ್ಕೂ, ಪಶ್ಚಿಮಕ್ಕೆ ಅಷ್ಟೇ ದೂರದ ಇನ್ನೊಂದು ಮರಕ್ಕೂ ಸಿಡಿಲು ಬಡಿಯಿತೆಂದು ಊಹಿಸೋಣ. ಊರಿನಲ್ಲಿ ನಿಂತವನಿಗೆ ಎರಡು ಮಿಂಚುಗಳೂ ಒಂದೇ ಕ್ಷಣದಲ್ಲಿ ಕಂಡವು. ಬೆಳಕು ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರು ಸಾಗುವುದರಿಂದ, ಪ್ರತಿಯೊಂದೂ ಅವನನ್ನು ತಲಪಲು ಸೆಕೆಂಡಿನ ಲಕ್ಷದಲ್ಲೊಂದು ಭಾಗ ಹಿಡಿಯಿತು. ದೂರ ಸಮ, ವೇಗ ಸಮ. ಆದಕಾರಣ ಸಿಡಿಲುಗಳು ಏಕಕಾಲದಲ್ಲಿ ಬಿದ್ದವೆಂಬ ಅವನ ತೀರ್ಮಾನದಲ್ಲಿ ದೋಷವಿಲ್ಲ.

ಈಗ ಕಲ್ಪನೆಯನ್ನು ಇನ್ನೂ ಸ್ವಲ್ಪ ಮುಂದುವರಿಸೋಣ. ನೆಲದಿಂದ ಅಳೆದರೆ 6 ಕಿಲೋಮೀಟರು ಉದ್ದವಿರುವ ಒಂದು ಗಾಡಿ ಪಶ್ಚಿಮದಿಂದ ಪೂರ್ವಕ್ಕೆ ಒಂದೇ ವೇಗದಲ್ಲಿ ಓಡುತ್ತಿದೆ. ಸಿಡಿಲುಗಳು ಮರಗಳೊಡನೆ ಗಾಡಿಯ ಎರಡು ತುದಿಗಳನ್ನೂ ಸುಟ್ಟು ಗುರುತು ಮಾಡಿದವು. ಗಾಡಿಯ ನಟ್ಟನಡುವೆ ಒಬ್ಬ ಪ್ರಯಾಣಿಕನಿದ್ದಾನೆ. ಊರಿನವನ ಲೆಕ್ಕದಂತೆ, ಸಿಡಿಲು ಬಿದ್ದಾಗ ಪ್ರಯಾಣಿಕನು ಅವನೆದುರಿಗೇ ಇದ್ದನು. ಆದರೆ ಪ್ರಯಾಣಿಕನು ಪೂರ್ವದ ಬೆಳಕನ್ನು ಎದುರುಗೊಳ್ಳುತ್ತ, ಪಶ್ಚಿಮದ ಬೆಳಕಿನಿಂದ ದೂರ ಸರಿಯುತ್ತ ಹೋಗುವುದರಿಂದ ಅವನಿಗೆ ಪೂರ್ವದ ಮಿಂಚೇ ಮೊದಲು ಕಾಣುತ್ತದೆ.

“ಇದು ಕೇವಲ ಕಾಣುವುದರಲ್ಲಿನ ಭೇದ, ಲೆಕ್ಕ ಹಾಕಿದರೆ ಸರಿಹೋಗದೆ?” ಎಂದು ವಾಚಕರು ಕೇಳಬಹುದು. ಗುಡುಗಿನ ವಿಷಯದಲ್ಲಿ ಈ ಮಾತು ಒಪ್ಪತಕ್ಕದ್ದೇ. ಗಾಳಿಯನ್ನು ಸೀಳಿಕೊಂಡು ಓಡುವವನಿಗೆ ಎದುರಿನ ಶಬ್ದ ಹೆಚ್ಚು ವೇಗದಿಂದಲೂ ಹಿಂದಿನದು ಕಡಿಮೆ ವೇಗದಿಂದಲೂ ಬರುತ್ತದೆ; ಆ ವ್ಯತ್ಯಾಸವನ್ನು ಗಣನೆಗೆ ತಂದರೆ, ಸಾಮಾನ್ಯ ಗಡಿಯಾರಗಳಿಗೆ ತಿಳಿಯುವ ಮಟ್ಟಿಗೆ, ಇಬ್ಬರ ಲೆಕ್ಕವೂ ಹೊಂದುತ್ತದೆ. ಬೆಳಕಿಗೆ ಈ ಉಪಾಯ ಸಲ್ಲದು. ಅಳೆಯುವವನು ನಿಂತಿರಲಿ, ಸಮವೇಗದಿಂದ ಓಡುತ್ತಿರಲಿ, ನಿರ್ವಾತದಲ್ಲಿ ಬೆಳಕಿನ ವೇಗ ಒಂದೇ ಎಂಬ ತತ್ತ್ವದ ಮೇಲೆ ಐನ್‌ಸ್ಟೈನನು 1905ರಲ್ಲಿ ತನ್ನ ವಿಶೇಷ ಸಾಪೇಕ್ಷತಾವಾದವನ್ನು ಕಟ್ಟಿದನು. ಪ್ರಯಾಣಿಕನೂ ಹೀಗೆಯೇ ತರ್ಕಿಸುತ್ತಾನೆ: ‘ಎರಡು ಗುರುತುಗಳೂ ನನ್ನಿಂದ ಸಮದೂರದಲ್ಲಿವೆ, ಬೆಳಕಿನ ವೇಗವೂ ಸಮ, ಪೂರ್ವದ ಬೆಳಕು ಮೊದಲು ಬಂದಿತು, ಆದ್ದರಿಂದ ಪೂರ್ವದ ಸಿಡಿಲೇ ಮೊದಲು ಬಿದ್ದಿತು.’ ಅವನೂ ತಪ್ಪಿಲ್ಲ, ಊರಿನವನೂ ತಪ್ಪಿಲ್ಲ. ದೂರದೂರದ ಘಟನೆಗಳಿಗೆ ಎಲ್ಲರಿಗೂ ಸಲ್ಲುವ ‘ಏಕಕಾಲ’ವೆಂಬುದೇ ಇಲ್ಲ.

ಗಾಡಿಯ ವೇಗ ಗಂಟೆಗೆ 60 ಕಿಲೋಮೀಟರಾದರೆ ಈ ಭೇದ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದಷ್ಟು ಮಾತ್ರ. ಬೆಳಕಿನ ಅರ್ಧ ವೇಗವಾದರೆ ಲಕ್ಷದಲ್ಲೊಂದು ಭಾಗವನ್ನೂ ಮೀರುತ್ತದೆ. ನಿತ್ಯಜೀವನದಲ್ಲಿ ನಾವು ಇದನ್ನು ಅರಿಯದಿರುವುದಕ್ಕೆ ಕಾರಣವಿಷ್ಟೆ.

ಆದರೂ ಇದು ಬರಿಯ ಊಹೆಯಲ್ಲ. ತಿರುಗುವ ಭೂಮಿಯ ಸಮಭಾಜಕ ವೃತ್ತದುದ್ದಕ್ಕೂ ಗಡಿಯಾರಗಳನ್ನಿರಿಸಿ, ಬೆಳಕಿನ ಸಂಕೇತದಿಂದ ಒಂದಕ್ಕೊಂದನ್ನು ಹೊಂದಿಸುತ್ತ ಸುತ್ತಿ ಬಂದರೆ, ಕಡೆಗೆ ಮೊದಲನೆಯ ಗಡಿಯಾರದೊಡನೆ ಸುಮಾರು 207 ನ್ಯಾನೊಸೆಕೆಂಡುಗಳ ಅಂತರ ಉಳಿಯುತ್ತದೆ. ಅಷ್ಟರಲ್ಲಿ ಬೆಳಕು 62 ಮೀಟರು ಸಾಗಿರುತ್ತದೆ! ಗಡಿಯಾರಗಳ ಹೋಲಿಕೆಯಿಂದಲೇ ಸ್ಥಳವನ್ನು ಹೇಳುವ ಉಪಗ್ರಹ ವ್ಯವಸ್ಥೆಗಳು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ನಮ್ಮ ದೇಶದ ನಾವಿಕ್ ಉಪಗ್ರಹಗಳಿಗೆ ಕಾಲವನ್ನು ಒದಗಿಸುವ ಇಸ್ರೋ ಕೇಂದ್ರವು 2013ರಲ್ಲಿ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಆರಂಭವಾಯಿತು.

ಹಾಗಾದರೆ ಮಗನು ತಂದೆಗಿಂತ ಮೊದಲು ಹುಟ್ಟಿದುದನ್ನು ಕಾಣುವವನೂ ಇರಬಹುದೆ? ಇಲ್ಲ. ಒಂದು ಘಟನೆಯಿಂದ ಹೊರಟ ಬೆಳಕು ಇನ್ನೊಂದು ಘಟನೆ ನಡೆಯುವುದರೊಳಗೆ ಅಲ್ಲಿಗೆ ತಲಪಲಾರದಿದ್ದಾಗ ಮಾತ್ರ ಅವುಗಳ ಹಿಂದುಮುಂದು ನೋಡುವವನ ಚಲನೆಯಂತೆ ಬದಲಾದೀತು. ಅಂಥ ಘಟನೆಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣವಾಗಲಾರದು. ಸಿಡಿಲಿನ ಅನಂತರವೇ ಮರ ಸುಡುವುದು. ಈ ಕ್ರಮವನ್ನು ಊರಿನವನೂ ಪ್ರಯಾಣಿಕನೂ ಸಮನಾಗಿ ಒಪ್ಪುತ್ತಾರೆ.