ಗಾಳದ ಮೀನುಗಾರಿಕೆ: ಮಧ್ಯಮ ತೂಕದ ಫ್ಲೈ ರಾಡ್ ಆಯ್ಕೆ ಕುರಿತು ಮಾಹಿತಿ

ಗರಿ ಮತ್ತು ನೂಲಿನಿಂದ ಕಟ್ಟಿದ ಹಗುರವಾದ ಕೃತಕ ಹುಳುವನ್ನು ದಾರದ ಭಾರದಿಂದಲೇ ದೂರಕ್ಕೆ ಬೀಸಿ ಮೀನು ಹಿಡಿಯುವ ವಿಧಾನಕ್ಕೆ ಫ್ಲೈ ಫಿಶಿಂಗ್ ಎಂದು ಹೆಸರು. ಇದಕ್ಕೆ ಬಳಸುವ ಕೋಲೇ ಫ್ಲೈ ರಾಡ್. ಒಂದೇ ಕೋಲನ್ನು ಹಲವು ಜಲಮೂಲಗಳಲ್ಲಿ ಬಳಸಲು ಇಚ್ಛಿಸುವ ಅರ್ಜಿದಾರರ ಅನುಕೂಲಕ್ಕಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

1. ಸಂಖ್ಯೆಯ ಅರ್ಥ: ಕೋಲಿನ ಮೇಲೆ ನಮೂದಿಸಿರುವ ಸಂಖ್ಯೆಯು ಕೋಲಿನ ತೂಕವಲ್ಲ, ಅದಕ್ಕೆ ಹೊಂದುವ ದಾರದ ತೂಕದ ದರ್ಜೆ. 6ನೇ ಸಂಖ್ಯೆಯ ದಾರದ ಮೊದಲ 30 ಅಡಿಯ ತೂಕ ಸುಮಾರು 10.4 ಗ್ರಾಂ; 8ನೇ ಸಂಖ್ಯೆಯದು ಸುಮಾರು 13.6 ಗ್ರಾಂ. ಕೋಲು, ದಾರ ಮತ್ತು ರೀಲ್ ಒಂದಕ್ಕೊಂದು ಹೊಂದಿಕೆಯಾಗಿರತಕ್ಕದ್ದು.

2. ಸಾಮಾನ್ಯ ಬಳಕೆ: 9 ಅಡಿ ಉದ್ದದ, 6 ಅಥವಾ 7ನೇ ಸಂಖ್ಯೆಯ ಕೋಲು ಕೆರೆ, ಜಲಾಶಯ ಹಾಗೂ ಮಧ್ಯಮ ಹರಿವಿನ ಹೊಳೆಗಳಿಗೆ ಸೂಕ್ತ. ನಾಲ್ಕು ತುಂಡುಗಳಾಗಿ ಬಿಚ್ಚಬಹುದಾದ ಕೋಲು ಪ್ರಯಾಣಕ್ಕೆ ಅನುಕೂಲಕರ.

3. ಇತರೆ ಸಂದರ್ಭಗಳು: ಹಿಮಾಚಲ ಪ್ರದೇಶದ ತೀರ್ಥನ್ ಮೊದಲಾದ ಟ್ರೌಟ್ ಹೊಳೆಗಳಿಗೆ 4 ಅಥವಾ 5ನೇ ಸಂಖ್ಯೆಯ ಕೋಲು ಸಾಕಾಗುತ್ತದೆ. ಗಾಳಿ ಹೆಚ್ಚಿರುವ ಅಳಿವೆ ಮತ್ತು ಸಮುದ್ರ ತೀರಕ್ಕೆ 8 ಅಥವಾ ಹೆಚ್ಚಿನ ಸಂಖ್ಯೆಯ ಕೋಲು ಅಗತ್ಯ. ಉಪ್ಪುನೀರಿನಲ್ಲಿ ಬಳಸಿದ ನಂತರ ಕೋಲು ಮತ್ತು ರೀಲನ್ನು ಸಿಹಿನೀರಿನಲ್ಲಿ ತೊಳೆಯತಕ್ಕದ್ದು.

4. ಮಹಶೀರ್ ಕುರಿತು ಎಚ್ಚರಿಕೆ: 1946ರಲ್ಲಿ ಕಬಿನಿ ನದಿಯಲ್ಲಿ 120 ಪೌಂಡ್ (ಸುಮಾರು 54 ಕಿ.ಗ್ರಾಂ) ತೂಕದ ಮಹಶೀರ್ ದೊರೆತಿತ್ತು. ಕಾವೇರಿ ನದಿ ವ್ಯವಸ್ಥೆಗೆ ಸೀಮಿತವಾದ ಗೂನುಬೆನ್ನಿನ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಪ್ರಭೇದಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದೆ. ಹಗುರವಾದ ಕೋಲಿನಿಂದ ದೊಡ್ಡ ಮೀನನ್ನು ಬಹಳ ಹೊತ್ತು ಸೆಣಸಾಡಿಸಿದಲ್ಲಿ ಅದು ಬಳಲಿ, ನೀರಿಗೆ ಬಿಟ್ಟ ನಂತರವೂ ಸಾಯಬಹುದು. ಆದ್ದರಿಂದ ದೊಡ್ಡ ಮಹಶೀರ್ ಇರುವ ನೀರಿನಲ್ಲಿ ಮಧ್ಯಮ ತೂಕದ ಕೋಲನ್ನು ಬಳಸದಿರುವುದು ಸೂಕ್ತ. ಆಕಸ್ಮಿಕವಾಗಿ ಸಿಕ್ಕಿದಲ್ಲಿ, ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಿಂದ ಮೇಲೆತ್ತದೆ ಗಾಳ ಬಿಡಿಸತಕ್ಕದ್ದು. ಮುಳ್ಳಿಲ್ಲದ ಗಾಳ ಬಳಸಿದಲ್ಲಿ ಗಾಯ ಕಡಿಮೆ.

5. ಸುರಕ್ಷತೆ: ಗ್ರಾಫೈಟ್ ಕೋಲುಗಳಲ್ಲಿ ವಿದ್ಯುತ್ ಹರಿಯುತ್ತದೆ. ವಿದ್ಯುತ್ ತಂತಿಗಳ ಕೆಳಗೆ ಹಾಗೂ ಗುಡುಗು ಸಿಡಿಲಿನ ಸಮಯದಲ್ಲಿ ಕೋಲನ್ನು ಬಳಸಬಾರದು.

6. ಅನುಮತಿ: ಕೋಲು ಹೊಂದಿದ ಮಾತ್ರಕ್ಕೆ ಮೀನು ಹಿಡಿಯುವ ಹಕ್ಕು ದೊರೆಯುವುದಿಲ್ಲ. ಹಲವು ಕೆರೆ, ಜಲಾಶಯಗಳ ಮೀನು ಹಿಡಿಯುವ ಹಕ್ಕನ್ನು ಸಹಕಾರ ಸಂಘಗಳಿಗೆ ಅಥವಾ ಗುತ್ತಿಗೆದಾರರಿಗೆ ನೀಡಲಾಗಿರುತ್ತದೆ. ವನ್ಯಜೀವಿ ಧಾಮಗಳೊಳಗಿನ ನದಿ ಭಾಗಗಳಿಗೆ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972 ಅನ್ವಯಿಸುತ್ತದೆ.

ಅರ್ಜಿದಾರರು ಜಲಮೂಲ ಹಾಗೂ ಅಲ್ಲಿರುವ ಮೀನಿನ ಪ್ರಭೇದಗಳ ವಿವರವನ್ನು ಸಂಬಂಧಪಟ್ಟ ಕಚೇರಿಯಲ್ಲಿ ಮೊದಲು ಖಚಿತಪಡಿಸಿಕೊಂಡು, ಅನುಮತಿ ದೊರೆತ ನಂತರವೇ ಕೋಲನ್ನು ಖರೀದಿಸುವುದು ಸೂಕ್ತವೆಂದು ಈ ಮೂಲಕ ತಿಳಿಸಲಾಗಿದೆ.