ದೇಸಿ ಮಣೆ ಆಟಗಳಲ್ಲಿ ಕಾಳಗ

ದೇಸಿ ಮಣೆ ಆಟಗಳಲ್ಲಿ ಕಾಳಗ ಎಂದರೆ ಚೌಕಾಬಾರ, ಹುಲಿ-ಕುರಿ, ಪಗಡೆ, ಚದುರಂಗ ಮೊದಲಾದ ಆಟಗಳಲ್ಲಿ ಎದುರಾಳಿಯ ಕಾಯಿಯನ್ನು ಹೊಡೆಯುವ, ತಡೆಯುವ ಅಥವಾ ಕಟ್ಟಿಹಾಕುವ ಕ್ರಮ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳನ್ನು ಒಳಗೊಂಡ ಹಳೆ ಮೈಸೂರು ಪ್ರದೇಶದಲ್ಲಿ ಈ ಆಟಗಳು ಮನೆಯ ಜಗಲಿ, ಅರಳಿಕಟ್ಟೆ ಹಾಗೂ ದೇವಾಲಯದ ಕಲ್ಲುಹಾಸಿನ ಮೇಲೆ ನಡೆದುಬಂದಿವೆ. ಈ ಆಟಗಳಲ್ಲಿ ಕಾಳಗವು ಸಾಮಾನ್ಯವಾಗಿ ಗೆಲುವಿನ ಸಾಧನವೇ ಹೊರತು ಗೆಲುವೇ ಅಲ್ಲ. ಯಾವಾಗ ಹೊಡೆಯಬೇಕು, ಯಾವಾಗ ತಪ್ಪಿಸಿಕೊಳ್ಳಬೇಕು ಎಂಬುದನ್ನು ಆಯಾ ಆಟದ ನಿಯಮಗಳೇ ರೂಪಿಸುತ್ತವೆ. 20ನೆಯ ಶತಮಾನದಲ್ಲಿ ಅಮೆರಿಕದಲ್ಲಿ ಹುಟ್ಟಿದ ಪಾತ್ರಾಭಿನಯದ ಮೇಜಿನಾಟಗಳಲ್ಲಿಯೂ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ಚೌಕಾಬಾರದಲ್ಲಿ ಕಾಳಗ

ಚೌಕಾಬಾರಕ್ಕೆ ಕಟ್ಟೆಮನೆ, ಗಟ್ಟದಮನೆ ಮುಂತಾದ ಹೆಸರುಗಳೂ ಇವೆ. ಸೀಮೆಸುಣ್ಣದಿಂದಾಗಲಿ ಇದ್ದಿಲಿನಿಂದಾಗಲಿ ನೆಲದ ಮೇಲೆ 25 ಮನೆಗಳ ಚೌಕವನ್ನು ಬರೆದುಕೊಂಡು ಇದನ್ನು ಆಡುತ್ತಾರೆ. ಬಳೆಚೂರು, ಬೀಜ, ಕಲ್ಲುಹರಳುಗಳು ಕಾಯಿಗಳಾಗುತ್ತವೆ. ನಾಲ್ಕು ಕವಡೆಗಳನ್ನು ಎಸೆದಾಗ ಅಂಗಾತ ಬಿದ್ದವುಗಳ ಸಂಖ್ಯೆಯೇ ನಡೆಯ ಲೆಕ್ಕ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಬೋರಲಾಗಿ ಬಿದ್ದರೆ ಬಾರ, ಅಂದರೆ 8. ಕವಡೆಯ ಬದಲಿಗೆ ಸೀಳಿದ ಹುಣಿಸೆ ಬೀಜಗಳನ್ನು ಬಳಸುವುದೂ ಉಂಟು.

ಕಾಯಿಗಳು ಹೊರಸುತ್ತಿನ 16 ಮನೆಗಳನ್ನೂ ಒಳಸುತ್ತಿನ 8 ಮನೆಗಳನ್ನೂ ಸುತ್ತಿ ನಡುಮನೆಯನ್ನು ಸೇರಬೇಕು. ಹಾಗೆ ಸೇರಿದ ಕಾಯಿ 'ಹಣ್ಣಾಯಿತು' ಎನ್ನುತ್ತಾರೆ. ಎಲ್ಲ ಕಾಯಿಗಳನ್ನೂ ಮೊದಲು ಹಣ್ಣು ಮಾಡಿದವರು ಗೆಲ್ಲುತ್ತಾರೆ. ಎದುರಾಳಿಯ ಕಾಯಿ ಇರುವ ಮನೆಗೆ ತನ್ನ ಕಾಯಿ ಬಂದರೆ ಅದನ್ನು ಹೊಡೆಯಬಹುದು. ಇದಕ್ಕೆ 'ಕಡಿಯುವುದು' ಎಂಬ ಮಾತೂ ಇದೆ. ಕಡಿದವರಿಗೆ ಇನ್ನೊಂದು ಎಸೆತ ಸಿಗುತ್ತದೆ. ಕಡಿಸಿಕೊಂಡ ಕಾಯಿ ನಾಶವಾಗುವುದಿಲ್ಲ. ಅದು ಹೊರಟ ಮನೆಗೆ ಮರಳಿ ಪಯಣವನ್ನು ಮೊದಲಿನಿಂದ ಆರಂಭಿಸುತ್ತದೆ. ಅಡ್ಡಗೆರೆ ಎಳೆದು ಗುರುತಿಸಿದ ಕಟ್ಟೆಗಳಲ್ಲಿ ನಿಂತ ಕಾಯಿಯನ್ನು ಕಡಿಯುವಂತಿಲ್ಲ.

ಅನೇಕ ಕಡೆಗಳಲ್ಲಿ ರೂಢಿಯಲ್ಲಿರುವ ಒಂದು ನಿಯಮವು ಈ ಆಟದಲ್ಲಿ ಕಾಳಗಕ್ಕೆ ವಿಶೇಷ ಸ್ಥಾನ ನೀಡಿದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಆದ್ದರಿಂದ ಯಾರ ತಂಟೆಗೂ ಹೋಗದೆ ನಡೆಯುವ ಆಟಗಾರ ಹೊರಸುತ್ತಿನಲ್ಲಿಯೇ ಉಳಿಯುತ್ತಾನೆ. ಒಮ್ಮೆ ಕಡಿದ ಬಳಿಕ ಮತ್ತೆ ಕಡಿಯಬೇಕೆಂಬ ಕಡ್ಡಾಯವಿಲ್ಲ. ಹೀಗೆ ಕಾಳಗವು ಇಲ್ಲಿ ಒಳಮನೆಗೆ ತೆರಬೇಕಾದ ಸುಂಕದಂತಿದೆ.

ಅಪಾಯದ ಲೆಕ್ಕಾಚಾರವೂ ಕವಡೆಯ ಸ್ವಭಾವದಿಂದ ಹುಟ್ಟುತ್ತದೆ. ಕವಡೆಯು ಎರಡೂ ಬದಿಗೆ ಸಮನಾಗಿ ಬೀಳುತ್ತದೆ ಎಂದು ಇಟ್ಟುಕೊಂಡರೆ, ಸಾಧ್ಯವಿರುವ 16 ಬಗೆಗಳಲ್ಲಿ 2 ಬೀಳುವುದು 6 ಬಾರಿ, 1 ಮತ್ತು 3 ತಲಾ 4 ಬಾರಿ, 4 ಮತ್ತು 8 ತಲಾ ಒಂದೇ ಬಾರಿ. ಹಾಗಾಗಿ ಎದುರಾಳಿಗಿಂತ ಎರಡು ಮನೆ ಮುಂದೆ ನಿಲ್ಲುವುದಕ್ಕಿಂತ ನಾಲ್ಕು ಮನೆ ಮುಂದೆ ನಿಲ್ಲುವುದು ಕ್ಷೇಮ. ನಿಜವಾದ ಕವಡೆಗಳು ಇಷ್ಟು ಸಮನಾಗಿ ಬೀಳದಿದ್ದರೂ ನುರಿತ ಆಟಗಾರರು ಈ ಅಂದಾಜನ್ನು ಅನುಭವದಿಂದಲೇ ಕಂಡುಕೊಂಡಿರುತ್ತಾರೆ.

ಹುಲಿ-ಕುರಿ ಆಟ

ಹುಲಿ-ಕುರಿ ಆಟದಲ್ಲಿ ಅದೃಷ್ಟಕ್ಕೆ ಎಡೆಯಿಲ್ಲ. ಇದರ ಒಂದು ಪ್ರಸಿದ್ಧ ರೂಪದಲ್ಲಿ ತ್ರಿಕೋನಾಕಾರದ ರೇಖಾಚಿತ್ರದ 23 ಬಿಂದುಗಳ ಮೇಲೆ 3 ಹುಲಿಗಳೂ 15 ಕುರಿಗಳೂ ಸೆಣಸುತ್ತವೆ. ಕುರಿಗಳನ್ನು ಒಂದೊಂದಾಗಿ ಹೂಡುತ್ತಾರೆ. ಎಲ್ಲವನ್ನೂ ಹೂಡಿದ ಬಳಿಕವೇ ಅವು ಚಲಿಸಬಹುದು. ಪಕ್ಕದ ಕುರಿಯ ಆಚೆಗಿನ ಬಿಂದು ತೆರವಾಗಿದ್ದರೆ ಹುಲಿಯು ಕುರಿಯನ್ನು ಹಾರಿ ಕೊಲ್ಲುತ್ತದೆ. ಸತ್ತ ಕುರಿ ಮತ್ತೆ ಆಟಕ್ಕೆ ಬರುವುದಿಲ್ಲ.

ಇಲ್ಲಿ ಎರಡು ಪಕ್ಷಗಳ ಬಲವೂ ಗುರಿಯೂ ಬೇರೆ. ಕುರಿಗಳು ಯಾರನ್ನೂ ಕೊಲ್ಲಲಾರವು. ಆದರೆ ಒಂದರ ಬೆನ್ನಿಗೆ ಇನ್ನೊಂದು ನಿಂತು, ಹಾರಲು ಜಾಗವಿಲ್ಲದಂತೆ ಮಾಡಿ, ಹುಲಿಗಳೆಲ್ಲವನ್ನೂ ಕಟ್ಟಿಹಾಕಿದರೆ ಗೆಲುವು ಕುರಿಗಳದೇ. ಗೆದ್ದ ಪಕ್ಷವು ಒಂದೂ ಕಾಯಿಯನ್ನು ಕೊಲ್ಲದೆ ಮುಗಿಯುವ ಕಾಳಗ ಎಂಬುದು ಈ ಆಟದ ವೈಶಿಷ್ಟ್ಯ.

ಚದುರಂಗ ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರು

ಆನೆ, ಕುದುರೆ, ರಥ, ಪದಾತಿ ಎಂಬ ಸೇನೆಯ ನಾಲ್ಕು ಅಂಗಗಳಿಂದ ಹೆಸರು ಪಡೆದ ಚದುರಂಗವು ಯುದ್ಧವನ್ನು ನೇರವಾಗಿ ಅನುಕರಿಸುವ ಆಟ. ಆದರೂ ಇಲ್ಲಿ ರಾಜನನ್ನು ಕೊಲ್ಲುವುದಿಲ್ಲ. ತಪ್ಪಿಸಿಕೊಳ್ಳಲು ದಾರಿಯಿಲ್ಲದಂತೆ ಸಿಲುಕಿಸಿದೊಡನೆ ಆಟ ಮುಗಿಯುತ್ತದೆ.

ಮೈಸೂರು ಸಂಸ್ಥಾನದಲ್ಲಿ ಇಂತಹ ಆಟಗಳ ಅಧ್ಯಯನಕ್ಕೆ ಹೆಸರಾದವರು ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಅವರು ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಅದೇ ಕೋಟೆಯಲ್ಲಿ ಹೋರಾಡುತ್ತ ಮಡಿದ ಬಳಿಕ, ಬಾಲಕರಾಗಿದ್ದ ಅವರನ್ನು ಬ್ರಿಟಿಷರು ಪಟ್ಟಕ್ಕೆ ತಂದರು. 1831ರಲ್ಲಿ ಆಡಳಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡರು. ಕದನಭೂಮಿಗೆ ಸೇನೆಯನ್ನು ನಡೆಸದ ಈ ಅರಸರು ಚದುರಂಗದ ಕುದುರೆಯನ್ನು ಒಂದೇ ಮನೆಗೆ ಎರಡು ಸಲ ಬಾರದಂತೆ 64 ಮನೆಗಳಲ್ಲಿಯೂ ನಡೆಸುವ ಸಮಸ್ಯೆಗಳನ್ನು ರಚಿಸಿದರು. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಒಂದಾದ 'ಕೌತುಕನಿಧಿ'ಯು ಆಟಗಳ ವಿವರಣೆಗೆ ಮೀಸಲಾಗಿದೆ.

ಪಾತ್ರಾಭಿನಯದ ಮೇಜಿನಾಟಗಳೊಂದಿಗೆ ಹೋಲಿಕೆ

19ನೆಯ ಶತಮಾನದ ಆರಂಭದಲ್ಲಿ ಪ್ರಷ್ಯಾದ ಸೇನಾಧಿಕಾರಿಗಳ ತರಬೇತಿಗೆ 'ಕ್ರೀಗ್‌ಸ್ಪೀಲ್' ಎಂಬ ಯುದ್ಧದಾಟ ಬಳಕೆಗೆ ಬಂದಿತು. ಅದರಲ್ಲಿ ದಾಳಗಳ ಜೊತೆಗೆ ತೀರ್ಪು ನೀಡುವ ಮಧ್ಯಸ್ಥನೂ ಇರುತ್ತಿದ್ದನು. ಇಂತಹ ಯುದ್ಧದಾಟಗಳ ಪರಂಪರೆಯಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಪ್ರಕಟವಾಯಿತು. ಇದರಲ್ಲಿ ಆಟಗಾರನು ಸೇನೆಯ ಬದಲಿಗೆ ಒಂದೇ ಪಾತ್ರವನ್ನು ವಹಿಸುತ್ತಾನೆ. ನಿರೂಪಕನು ಕಲ್ಪಿತ ಲೋಕವನ್ನು ವರ್ಣಿಸುತ್ತಾನೆ. ಏಟು ತಗುಲಿತೋ ಇಲ್ಲವೋ ಎಂಬುದನ್ನು 20 ಮುಖಗಳ ದಾಳ ತೀರ್ಮಾನಿಸುತ್ತದೆ.

ಯುದ್ಧದಾಟದಿಂದ ಹುಟ್ಟಿದ ಕಾರಣ ಈ ಆಟದ ನಿಯಮಗಳಲ್ಲಿ ಕಾಳಗಕ್ಕೆ ದೊಡ್ಡ ಪಾಲು ದೊರೆತಿದೆ. ಆದರೆ ಅದರ ಮೊದಲ ಆವೃತ್ತಿಯಲ್ಲಿ ರಾಕ್ಷಸರನ್ನು ಕೊಂದುದಕ್ಕೆ ಮಾತ್ರವಲ್ಲದೆ ನಿಧಿಯನ್ನು ಹೊತ್ತು ತಂದುದಕ್ಕೂ ಅನುಭವದ ಅಂಕಗಳು ದೊರೆಯುತ್ತಿದ್ದವು. ಆದ್ದರಿಂದ ಹೊಡೆದಾಡದೆ ಉಪಾಯದಿಂದ ನಿಧಿ ತರುವುದು ಜಾಣತನವಾಗಿತ್ತು. ಕಡಿಸಿಕೊಂಡ ಚೌಕಾಬಾರದ ಕಾಯಿ ಮತ್ತೆ ಹೊರಡಬಲ್ಲದು. ಇಲ್ಲಿ ಸತ್ತ ಪಾತ್ರವು ಸಾಮಾನ್ಯವಾಗಿ ಹುಲಿ-ಕುರಿಯ ಕುರಿಯಂತೆ ಆಟದಿಂದ ಹೊರಗುಳಿಯುತ್ತದೆ. ಸೋಲಿನ ಬೆಲೆ ಹೆಚ್ಚಿದಷ್ಟೂ ಆಟಗಾರರು ಕಾಳಗವನ್ನು ಆಯ್ದು ನಡೆಸುತ್ತಾರೆ. ಯಾವುದಕ್ಕೆ ಫಲವಿದೆ, ಯಾವುದಕ್ಕೆ ದಂಡವಿದೆ ಎಂಬುದೇ ಎರಡೂ ಪರಂಪರೆಗಳಲ್ಲಿ ಆಟಗಾರನ ನಡೆಯನ್ನು ನಿರ್ಧರಿಸುತ್ತದೆ.

ಪ್ರಸ್ತುತ ಸ್ಥಿತಿ

ಈ ಆಟಗಳ ನಿಯಮಗಳು ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದವು. ಊರಿಂದ ಊರಿಗೆ ಅವುಗಳಲ್ಲಿ ವ್ಯತ್ಯಾಸಗಳಿವೆ. ಹಿರಿಯರೊಡನೆ ಕುಳಿತು ಆಡುವ ರೂಢಿ ತಪ್ಪಿದಲ್ಲಿ ಆ ಊರಿನ ನಿಯಮವೂ ಮರೆಯಾಗುತ್ತದೆ. ಕಟ್ಟೆಯ ಮೇಲೆ ಕೊರೆದ ಗೆರೆಗಳು ಉಳಿದರೂ, ಯಾವಾಗ ಕಡಿಯಬಹುದು, ಯಾವಾಗ ಕೂಡದು ಎಂಬುದನ್ನು ಅವು ಹೇಳಲಾರವು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನವು 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳ ಮೂಲಕ ಸಾಂಪ್ರದಾಯಿಕ ಆಟಗಳ ಹಾಸು, ಮಣೆ ಮತ್ತು ಕಾಯಿಗಳನ್ನು ಮತ್ತೆ ಜನರಿಗೆ ಪರಿಚಯಿಸುತ್ತ ಬಂದಿದೆ.